ಟ್ರ್ಯಾಕ್ಟರಿಗೊಂದು ಆರತಿ

ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಮಾಡದಕೆರೆಯಲ್ಲಿ ನಾನು ತಂಗಿದ್ದ ಮನೆಯ ರುದ್ರಪ್ಪನವರು ಒಂದು ಚಳಿಯ ಬೆಳಗ್ಗೆ ಉಳುಮೆಗೆ ಹೊರಟರೆ, ಹಳೇ ಟ್ರ್ಯಾಕ್ಟರ್ ಕೆಮ್ಮಿ ಸುಮ್ಮನಾಯಿತು. ಅವರ ಹೆಂಡತಿ ಗಂಗಮ್ಮ ಕರ್ಪೂರ ಹಚ್ಚಿ, ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯ ಬಾಯಿಗೇ ಆರತಿ ಎತ್ತಿದರು. ರುದ್ರಪ್ಪ ಕೀಲಿ ತಿರುಗಿಸಿದರು. ಎಂಜಿನ್ ಗುಡುಗಿತು!

"ಇದು ಪೂಜೆಯ ಫಲ ಅಲ್ಲಮ್ಮ. ಒಳಗೆ ಬಿಸಿ ಗಾಳಿ ಹೋದರೆ ಡೀಸೆಲ್ ಬೇಗ ಹೊತ್ತಿಕೊಳ್ಳುತ್ತೆ. ಬೇಕಾದರೆ ನಾಳೆ ಹಿಂದಿನ ಚಕ್ರಕ್ಕೆ ಆರತಿ ಎತ್ತಿ ನೋಡಿ" ಎಂದೆ.

"ಆತು, ನೋಡಾಣ ಬಿಡ್ರಿ" ಎಂದರು.

ಮರುದಿನ ಹಾಗೇ ಮಾಡಿದರು. ಎಂಜಿನ್ ಚಾಲೂ ಆಗಲಿಲ್ಲ. ಗೆದ್ದವನಂತೆ ನಕ್ಕೆ.

ಗಂಗಮ್ಮ ನನ್ನನ್ನೇ ದಿಟ್ಟಿಸಿ, "ಬೆನ್ನಿಗೆ ಆರತಿ ಎತ್ತಿದ್ರೆ ಯಾವ ದೇವ್ರು ಒಲೀತಾನ್ರಿ?" ಎಂದರು.

ಆ ಪ್ರಯೋಗದಿಂದ ನನ್ನ ನಂಬಿಕೆ ಗಟ್ಟಿಯಾಯಿತು. ಅವರದೂ.