ಜೋರಾಗಿ ಓದಿ ಎನ್ನುವ ನಾಗಭೂಷಣ್

ನಾಗಭೂಷಣ್ ನನ್ನನ್ನು ಎರಡು ಸಲ, ಮೂರು ಮೂರು ದಿನ, ತಮ್ಮ ಫೇಸ್‌ಬುಕ್ ಗುಂಪಿನಿಂದ ಹೊರಗಿಟ್ಟಿದ್ದಾರೆ. ಮೂವತ್ತೊಂದು ವರ್ಷ ಬಸವನಗುಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿದ ವರದರಾಜ ಮೇಷ್ಟ್ರಿಗೆ, ಅಂದರೆ ನನಗೆ, ಬಾಯಿ ಮುಚ್ಚಿ ಎಂದು ಹೇಳಿದವರು, ಹೆಂಡತಿಯನ್ನು ಬಿಟ್ಟರೆ ಅವರೊಬ್ಬರೇ. ಹಾಗಾಗಿ ಅವರ ಬಗ್ಗೆ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಅವರು ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಆರ್ಡರ್ ತೆಗೆದುಕೊಂಡವರು. ಅಚ್ಚಾದ ಪತ್ರಿಕೆಗಳಲ್ಲಿ ಚೆಂದ ಕಂಡದ್ದನ್ನು ಒಂದೊಂದು ಎತ್ತಿಟ್ಟುಕೊಳ್ಳುವ ಚಟ. ನಿವೃತ್ತರಾದ ಮೇಲೆ ತ್ಯಾಗರಾಜನಗರದ ಮನೆಯಲ್ಲಿ ಅವರು ಸುಮ್ಮನೆ ಕೂತಿದ್ದನ್ನು ನೋಡಲಾರದೆ ಮಗಳು ವಾಣಿ ‘ಹಳೆಯ ಲಗ್ನಪತ್ರಿಕೆಗಳು’ ಎಂಬ ಗುಂಪು ಮಾಡಿಕೊಟ್ಟಳು. ಯಾರು ಬೇಕಾದರೂ ತಮ್ಮ ಅಜ್ಜ ಅಜ್ಜಿಯ, ಅಪ್ಪ ಅಮ್ಮನ ಮದುವೆಯ ಪತ್ರಿಕೆಯ ಫೋಟೊ ಹಾಕಬಹುದು. ನಾಲ್ಕು ವರ್ಷಕ್ಕೆ ಹನ್ನೆರಡು ಸಾವಿರ ಜನ ಸೇರಿದರು. ಹೊತ್ತು ಕಳೆಯಲೆಂದು ಶುರುವಾದದ್ದು ಕೊರಳಿಗೆ ಸುತ್ತಿಕೊಂಡಿತು.

ಹಳೆಯ ಕಾಗದದ ಮೇಲೆ ಜಗಳವಾಡಲು ಏನಿದೆ ಎಂದು ನೀವು ಕೇಳಬಹುದು. ಎಲ್ಲವೂ ಇದೆ. ಹೆಸರು ಕಂಡ ಕೂಡಲೇ ಯಾವ ಜನ ಎಂದು ಕೆದಕುವವರು, ವರನ ಹೆಸರಿನ ಮುಂದೆ ಬಿ.ಎ. ಎಂದಿದ್ದರೆ ಪಾಸಾಗಿದ್ದನೋ ಇಲ್ಲವೋ ಎಂದು ವಿಚಾರಿಸುವವರು, ಹುಡುಗಿಯ ವಯಸ್ಸನ್ನು ಲೆಕ್ಕ ಹಾಕಿ ನಗುವವರು. ಫೋಟೊ ಹಾಕಿದವರ ಅಪ್ಪ ಅಮ್ಮನ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ನನಗೂ ಇರಲಿಲ್ಲ.

ಒಂದು ಪತ್ರಿಕೆಯ ಕನ್ನಡ ಕೆಟ್ಟದಾಗಿದೆ ಎಂದು ನನಗೆ ಸಿಟ್ಟು ಬಂತು. ‘ಇಂಥ ಕನ್ನಡ ಬರೆಸಿದವರ ಸಂಸಾರ ಎಷ್ಟು ದಿನ ನಡೆಯಿತೋ’ ಎಂದು ಕೆಳಗೆ ಬರೆದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಗುಂಪಿಗೆ ಸೇರುವಾಗ ನಂಬರ್ ಕೊಡಲೇಬೇಕೆಂಬುದು ಅವರ ನಿಯಮ.

“ಸಾರ್, ನಾಗಭೂಷಣ್ ಅಂತ. ನೀವು ಈಗ ಬರ್ದಿದೀರಲ್ಲ, ಅದನ್ನ ಸ್ವಲ್ಪ ಜೋರಾಗಿ ಓದ್ತೀರಾ?”

“ಯಾಕ್ರೀ?”

“ಸುಮ್ನೆ. ಒಂದ್ಸಲ ಓದಿ ಸಾರ್.”

ಹೆಂಡತಿ ಎದುರಿಗೆ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ‘ಇಂಥ ಕನ್ನಡ’ ಎನ್ನುವವರೆಗೆ ಓದಿದೆ. ಮುಂದಕ್ಕೆ ನಾಲಿಗೆ ಏಳಲಿಲ್ಲ. ಫೋನ್ ಇಟ್ಟು, ಬರೆದದ್ದನ್ನು ಅಳಿಸಿದೆ. ಆದರೂ ಮೂರು ದಿನ ಹೊರಗಿಟ್ಟರು.

ಇದು ಅವರು ಅಂಗಡಿಯಿಂದ ತಂದ ಪದ್ಧತಿ. ಗಂಡಿನವರಿಗೂ ಹೆಣ್ಣಿನವರಿಗೂ ಪತ್ರಿಕೆಯ ಮೇಲೇ ಮೊದಲ ಜಗಳ: ಯಾರ ಹೆಸರು ಮೇಲೆ, ಯಾವ ದೊಡ್ಡಪ್ಪನ ಹೆಸರು ಬಿಟ್ಟುಹೋಯಿತು ಎಂದು. ನಾಗಭೂಷಣ್ ಪ್ರೂಫ್ ಕೈಗೆ ಕೊಟ್ಟು, ಮೊದಲಕ್ಷರದಿಂದ ಕೊನೆಯವರೆಗೆ ಜೋರಾಗಿ ಓದಿಸಿ, ಆಮೇಲೆ ರುಜು ಹಾಕಿಸಿಕೊಳ್ಳುತ್ತಿದ್ದರು. “ಕಣ್ಣಲ್ಲಿ ಓದಿದ್ರೆ ತಪ್ಪು ಕಾಣಲ್ಲ ಮೇಷ್ಟ್ರೇ, ಬಾಯಲ್ಲಿ ಬರ್ಬೇಕು” ಎಂದು ನನಗೆ ಹೇಳಿದ್ದರು. ಎರಡನೆಯ ಸಲ ಹೊರಗಿಟ್ಟ ಮೇಲೆ ನಾನೇ ನಾಚಿಕೆ ಬಿಟ್ಟು ಅವರ ಮನೆಗೆ ಹೋದೆ, ಸ್ನೇಹವಾಯಿತು. ಗುಂಪು ನೋಡಿಕೊಳ್ಳಲು ಕೈಜೋಡಿಸಿದೆ.

ಆಗ ಗೊತ್ತಾಯಿತು ಆ ಮನುಷ್ಯ ಎಷ್ಟು ಸುಸ್ತಾಗಿದ್ದಾರೆ ಎಂದು. ದಿನಕ್ಕೆ ಇಪ್ಪತ್ತು ಫೋನು. ಕೆಲವರು ಓದಿ ಅಳಿಸುತ್ತಿದ್ದರು, ಕೆಲವರು ಕ್ಷಮೆ ಕೇಳುತ್ತಿದ್ದರು, ಇನ್ನು ಕೆಲವರು ನೀನ್ಯಾರಯ್ಯ ಕೇಳೋಕೆ ಎಂದು ಉಗಿಯುತ್ತಿದ್ದರು. ಉಗಿಸಿಕೊಂಡು, ಬಿಸಿಯಾದ ಕಿವಿ ಉಜ್ಜಿಕೊಂಡು, ಮುಂದಿನ ನಂಬರ್ ಒತ್ತುತ್ತಿದ್ದರು. “ಮುಚ್ಚಿಬಿಡ್ತೀನಿ ಇದನ್ನ” ಎಂದು ವಾರಕ್ಕೆರಡು ಸಲ ಹೇಳುವುದು, ಯಾರೋ ಕಳೆದುಹೋಗಿದೆ ಎಂದುಕೊಂಡಿದ್ದ ಅಮ್ಮನ ಪತ್ರಿಕೆ ಗುಂಪಿನಲ್ಲಿ ಸಿಕ್ಕಿತು ಎಂದು ಬರೆದರೆ ಮತ್ತೆ ಕೂರುವುದು.

ಕಳೆದ ಆಷಾಢದಲ್ಲಿ ಇಂಚರಾ ಎಂಬ ಹುಡುಗಿ ತನ್ನ ಅಪ್ಪ ಅಮ್ಮನ ಪತ್ರಿಕೆ ಹಾಕಿದಳು. ತೊಂಬತ್ನಾಲ್ಕನೇ ಇಸವಿಯದು. ಜೊತೆಗೆ ನಾಲ್ಕೇ ಸಾಲು: ‘ನಮ್ಮಜ್ಜಿ ಜಾನಕಮ್ಮ ಚಾಮರಾಜಪೇಟೆಯಲ್ಲಿ ಹೊಲಿಗೆ ಮಾಡಿ ನಮ್ಮಮ್ಮನನ್ನು ಒಬ್ಬರೇ ಬೆಳೆಸಿದರು. ಮದುವೆಯನ್ನೂ ಅವರೇ ಮಾಡಿದರು. ತಮ್ಮ ಆಗಮನಾಭಿಲಾಷಿಗಳು ಅನ್ನೋ ಕಡೆ ಚಿಕ್ಕಜ್ಜನ ಹೆಸರಿದೆ. ಅಜ್ಜಿಯ ಹೆಸರು ಇಡೀ ಪತ್ರಿಕೆಯಲ್ಲಿ ಎಲ್ಲೂ ಇಲ್ಲ, ಯಾಕೆ?’

ಯಾಕೆ ಎಂಬುದು ಆ ಕಾಲದವರಿಗೆಲ್ಲ ಗೊತ್ತು. ಗಂಡ ಸತ್ತ ಹೆಂಗಸಿನ ಹೆಸರು ಲಗ್ನಪತ್ರಿಕೆಯಲ್ಲಿ ಕರೆಯುವವರ ಸ್ಥಾನಕ್ಕೆ ಬರುತ್ತಿರಲಿಲ್ಲ. ಮೈದುನನದೋ ಅಣ್ಣನದೋ ಹೆಸರು ಹಾಕುತ್ತಿದ್ದರು. ಆದರೆ ಅದನ್ನು ಸಮಾಧಾನವಾಗಿ ಹೇಳುವ ಬದಲು ಒಬ್ಬರು ಶಾಸ್ತ್ರ ಎತ್ತಿಕೊಂಡು ಬಂದರು, ಇನ್ನೊಬ್ಬರು ಶಾಸ್ತ್ರದವರ ಮನೆತನ ಎಳೆದರು. ಅಪ್ಪಯ್ಯ ಎಂಬ ಒಬ್ಬಾತ ಅಜ್ಜಿಗೆ ಅಷ್ಟು ಚಪಲವಿದ್ದರೆ ತಾನೇ ಹಸೆಮಣೆ ಏರಬೇಕಿತ್ತು ಎಂದು ಬರೆದ. ಸಂಜೆಯೊಳಗೆ ಇನ್ನೂರೈವತ್ತು ಪ್ರತಿಕ್ರಿಯೆ. ನಾಗಭೂಷಣ್ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು. ಅಪ್ಪಯ್ಯನನ್ನು ನಾನು ಪೂರ್ತಿ ತೆಗೆದುಹಾಕಿದೆ, ಓದಿಸುವ ತಾಳ್ಮೆ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಯಾರೋ ಪತ್ರಿಕೆಯ ತುದಿಯ ಸಣ್ಣಕ್ಷರ ದೊಡ್ಡದು ಮಾಡಿ ಹಾಕಿದರು. ಅದು ನಾಗಭೂಷಣ್ ಇದ್ದ ಅಂಗಡಿಯ ಹೆಸರು. ‘ಅಡ್ಮಿನ್ ಸಾಹೇಬರೇ, ಆರ್ಡರ್ ತಗೊಂಡವರು ನೀವೇ ಇರಬೇಕಲ್ಲ?’

ನಾನು ತ್ಯಾಗರಾಜನಗರಕ್ಕೆ ಓಡಿದೆ. ಅವರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು, ಕಾಫಿ ಹಾಗೇ ಆರಿತ್ತು.

“ಸಾವಿರಾರು ಆರ್ಡರು, ನಿಮಗೇನು ನೆನಪಿರುತ್ತೆ ಅಂತ ಬರೆದುಬಿಡಿ” ಎಂದೆ.

“ನೆನಪಿದೆ ಮೇಷ್ಟ್ರೇ” ಎಂದರು. “ಮೂರ್ನಾಲ್ಕು ಮುಖ ನೆನಪಿರೋದು ನಂಗೆ, ಅದ್ರಲ್ಲಿ ಇವ್ರೂ ಒಬ್ರು. ಒಬ್ರೇ ಬಂದಿದ್ರು. ಮ್ಯಾಟರ್ ನೋಟ್‌ಬುಕ್ಕಿನ ಹಾಳೇಲಿ ಚೆನ್ನಾಗಿ ಬರ್ಕೊಂಡು ಬಂದಿದ್ರು. ತಮ್ಮ ಆಗಮನಾಭಿಲಾಷಿ ಜಾನಕಮ್ಮ ಅಂತ. ನಾನೇ ಹೊಡೆದುಹಾಕಿದ್ದು. ಹಾಗೆಲ್ಲ ಹಾಕಬಾರ್ದಮ್ಮ, ಹುಡುಗಿಗೆ ಒಳ್ಳೇದಾಗಲ್ಲ, ಮೈದುನ ಯಾರಾದ್ರೂ ಇದಾರಾ ಅಂದೆ. ವೇಣುಗೋಪಾಲ್ ಅಂತ ಇದಾರೆ ಅಂದ್ರು. ಬರ್ಕೊಂಡೆ.”

ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ನಾಲ್ಕು ದಿನ ಬಿಟ್ಟು ಪ್ರೂಫಿಗೆ ಬಂದ್ರು. ಜೋರಾಗಿ ಓದಿ ಅಂದೆ. ಓದಿದ್ರು. ಒಂದ್ಕಡೆನೂ ತಡವರಿಸ್ಲಿಲ್ಲ. ಇನ್ನೇನಾದ್ರೂ ಓದ್ಬೇಕಾ ಅಂತ ಕೇಳಿ ರುಜು ಹಾಕಿ ಹೋದ್ರು.”

ನನ್ನ ಬಾಯಿಗೆ ಬಂದದ್ದು ಹೇಡಿಯ ಮಾತು. ಆ ಪೋಸ್ಟಿಗೆ ಬೀಗ ಹಾಕೋಣ, ಒಂದು ವಾರಕ್ಕೆ ಎಲ್ಲರೂ ಮರೆಯುತ್ತಾರೆ ಎಂದೆ. ಒಪ್ಪಿಕೊಂಡರೆ ಗುಂಪಿನಲ್ಲಿ ಅವರ ಮಾತಿಗೆ ಇನ್ನು ಯಾರು ಬೆಲೆ ಕೊಡುತ್ತಾರೆ? ಅವರ ಫೋನ್ ಯಾರು ಎತ್ತುತ್ತಾರೆ? ನಾಲ್ಕು ವರ್ಷ ಉಗಿಸಿಕೊಂಡು ಕಟ್ಟಿದ್ದು ಅದೊಂದೇ ತಾನೆ.

“ಹನ್ನೆರಡು ಸಾವಿರ ಜನಕ್ಕೆ ಬುದ್ಧಿ ಹೇಳ್ಬಿಟ್ಟು ನಾನು ಬೀಗ ಹಾಕ್ಕೊಂಡು ಕೂತ್ಕೊಳ್ಳಾ?” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ಅವರಲ್ಲಿ ಇದ್ದಂತೆ ಕಾಣಲಿಲ್ಲ.

ನನಗೆ ಹೇಳಿದ್ದನ್ನೇ ಬರೆದು ಹಾಕಿದರು. ಆ ಕಾಲ ಹಾಗಿತ್ತು ಎಂಬ ಒಂದು ಸಾಲನ್ನು ನಾನು ಸೇರಿಸಿದೆ, ಅವರು ತೆಗೆದುಬಿಟ್ಟರು. ಆಮೇಲೆ ಬಂದದ್ದನ್ನು ಏನೆಂದು ಹೇಳಲಿ. ಓದಿಸುವ ನೆಪದಲ್ಲಿ ಅವರಿಂದ ಮಾತು ಕೇಳಿದ್ದವರೆಲ್ಲ ಸಾಲುಗಟ್ಟಿ ಬಂದರು. ನಾನು ಹಲ್ಲು ಕಡಿಯುತ್ತಾ ಒಂದೊಂದನ್ನೇ ಅಳಿಸತೊಡಗಿದೆ.

“ಹಾಗಲ್ಲ ಮೇಷ್ಟ್ರೇ. ಬೈಗುಳ ಇದ್ರೆ ತೆಗೀರಿ. ನಾನು ಮಾಡಿದ್ದು ತಪ್ಪು ಅಂದಿದ್ರೆ ಬಿಡಿ.”

“ಎಲ್ಲಾ ಒಂದೇ ಧಾಟೀಲಿ ಬರೆದಿದಾರಲ್ರೀ!”

“ಒಂದೇ ಅಲ್ಲ. ನಿಧಾನವಾಗಿ ನೋಡಿ.”

ನೋಡಿದೆ. ಒಂದೇ ಆಗಿರಲಿಲ್ಲ. ಕೂಗಾಡಿದವರು ಮೂವತ್ತು ಮಂದಿ, ನೊಂದು ಬರೆದವರು ಅದರ ಮೂರರಷ್ಟು. ತಮ್ಮ ಅಮ್ಮಂದಿರ, ಅತ್ತೆಯಂದಿರ ಪತ್ರಿಕೆ ಹುಡುಕಿ ನೋಡಿ ಬಂದವರು. ಅಂಥದ್ದನ್ನು ಅವರು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದರು. ಓದಿದಷ್ಟೂ ಕುಗ್ಗಿದರು.

ಮೂರನೆಯ ದಿನ ಬೆಳಿಗ್ಗೆ, ನಾನು ಅಲ್ಲಿದ್ದಾಗಲೇ, ಇಂಚರಾ ಫೋನ್ ಮಾಡಿದಳು. “ಅಂಕಲ್, ನಮ್ಮಜ್ಜಿಗೆ ನೀವು ಬರ್ದಿದ್ದೆಲ್ಲ ಓದಿ ಹೇಳ್ದೆ. ನಿಮ್ ಹತ್ರ ಮಾತಾಡ್ತಾರಂತೆ.” ನಾಗಭೂಷಣ್ ಎದ್ದು ನಿಂತರು. ಗಡಿಬಿಡಿಯಲ್ಲಿ ಸ್ಪೀಕರ್ ಗುಂಡಿ ಒತ್ತಿಬಿಟ್ಟರು, ಜಾನಕಮ್ಮನವರ ಧ್ವನಿ ಕೋಣೆಗೆಲ್ಲ ಕೇಳಿತು.

“ನಮಸ್ಕಾರ. ಚೆನ್ನಾಗಿದೀರಾ?”

“ತಪ್ಪಾಯ್ತಮ್ಮ” ಎಂದರು ಇವರು.

“ಆಯ್ತು ಬಿಡಿ. ನಮ್ ಹುಡುಗಿ ಸುಖವಾಗೇ ಇದಾಳೆ. ನಂಗೇನು ಆಗ ಪದ್ಧತಿ ಗೊತ್ತಿರ್ಲಿಲ್ವಾ? ನಮ್ಮತ್ತೆ, ನಮ್ಮಣ್ಣ, ಮೈದುನ, ಎಲ್ರೂ ಕೂಡದು ಅಂದಿದ್ರು. ಅದಕ್ಕೇ ಯಾರಿಗೂ ಹೇಳ್ದೆ ಒಬ್ಳೇ ನಿಮ್ಮ ಅಂಗಡಿಗೆ ಬಂದಿದ್ದು. ಗುರುತು ಪರಿಚಯ ಇಲ್ಲದೋರು, ಬರ್ಕೊಟ್ಟಿದ್ದನ್ನ ಹಾಗೇ ಹಾಕ್ಕೊಡ್ತಾರೆ ಅನ್ಕೊಂಡಿದ್ದೆ.”

ಜಾನಕಮ್ಮ ಮೊಮ್ಮಗಳಿಗೆ ಆಫೀಸಿಗೆ ಹೊತ್ತಾಯಿತೆಂದು ಹೇಳಿ ಫೋನ್ ಇಟ್ಟರು.

ನಾಗಭೂಷಣ್ ಫೋನನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಒಪ್ಪಿಗೆಗೆ ಕಾದಿದ್ದ ಪತ್ರಿಕೆಗಳು ಹದಿನೇಳಿದ್ದವು. “ಇವತ್ತು ನೀವೇ ನೋಡ್ಕೊಳ್ಳಿ ಮೇಷ್ಟ್ರೇ” ಎಂದು ಒಳಗೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿಕೊಂಡರು.