ಹೊಸ್ತಿಲ ಹೊರಗೆ ನಿಂತ ಅಧಿಕಾರಿ

ಅವರ ಬಲಗಾಲು ಎಡಗಾಲಿಗಿಂತ ತುಸು ಗಿಡ್ಡ. ಆ ಕಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹೊಲಿಸಿಕೊಂಡಿದ್ದರು. ಆದರೂ ನಿಂತರೆ ಒಂದು ಕೈ ಸೊಂಟದ ಮೇಲಿರಲೇಬೇಕು. ಅಂಥವರು ಇಳಕಲ್ಲಿನ ಬಿಸಿಲಿನಲ್ಲಿ, ನಮ್ಮ ಆಸರೆ ಮನೆಯ ಹೊಸ್ತಿಲ ಹೊರಗೆ, ಒಳಗೆ ಬರಲೊಲ್ಲದೆ ನಿಂತದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಗಂಡನ ಹೊಡೆತ ತಾಳದೆ ಓಡಿ ಬಂದ ಹೆಂಗಸರಿಗೆಂದು ಸರ್ಕಾರ ದುಡ್ಡು ಕೊಟ್ಟು, ಖಾಸಗಿ ಸಂಸ್ಥೆಯೊಂದಕ್ಕೆ ನಡೆಸಲು ಒಪ್ಪಿಸಿದ್ದ ಮನೆ ಅದು. ನಾನು ಗುಡೂರಿನಿಂದ ಉಟ್ಟ ಸೀರೆಯಲ್ಲೇ ಬಂದವಳು. ಅನ್ನಕ್ಕೆ ಕೊರತೆಯಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಮ್ಯಾನೇಜರ್ ಸಾಹೇಬರು ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುತ್ತಿದ್ದರು. ಕೇಳಿದರೆ "ನಿಮ್ಮ ಭದ್ರತಿಗೇ" ಎನ್ನುವರು. ತಿಜೋರಿಯೊಳಗಿನ ಬಂಗಾರದಂತೆ ಇಟ್ಟಿದ್ದರು ನಮ್ಮನ್ನು, ಬಂಗಾರಕ್ಕಾದರೂ ಬೆಲೆಯಿದೆ. ಪಕ್ಕದ ಓಣಿಯ ಸೀರೆ ನೇಯಿಸುವವರೊಬ್ಬರು ಕಿಟಕಿಯಿಂದಲೇ ಮಾತಾಡಿ ನನಗೆ ಮಗ್ಗದ ಕೆಲಸ ಕೊಡಲು ಒಪ್ಪಿದ್ದರು. ಸೋಮವಾರ ಬರದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಎಂದಿದ್ದರು. ಆ ಮಗ್ಗ ತಪ್ಪಿದರೆ ನನಗೆ ಉಳಿಯುವುದು ಬಿಟ್ಟು ಬಂದ ಮನೆಯ ದಾರಿಯೊಂದೇ.

ಆಗ ಬಂದವರು ಇವರು, ಇಂಥ ಮನೆಗಳನ್ನು ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿ. ಮೊದಲೇ ತಿಳಿಸಿ ಬರುವವರ ಪೈಕಿಯಲ್ಲ. ಮ್ಯಾನೇಜರ್ ಗಡಬಡಿಸಿ ಕೀಲಿ ತೆಗೆದು, "ಬರ್ರಿ ಮೇಡಂ, ಒಳಗ ಬರ್ರಿ" ಎಂದು ಬಾಗಿದರು.

"ನಿಮ್ಮ ಮನಿ ಎಲ್ಲೈತ್ರಿ?"

"ಬಾಗಲಕೋಟಿರಿ, ವಿದ್ಯಾಗಿರಿ."

"ಅಲ್ಲಿಗೆ ಬಂದಾಗ ನೀವು ಕರೀರಿ. ಇಲ್ಲಿ ಇರೋರು ಕರದ್ರ ನಾ ಒಳಗ ಬರ್ತೇನಿ."

ನಾವೆಲ್ಲ ಮ್ಯಾನೇಜರ್ ಮುಖ ನೋಡಿದೆವು. ಅಧಿಕಾರಿಗೆ ಬೇಕಾಗಿದ್ದೂ ಅದೇ, ನಾವು ಯಾರ ಮುಖ ನೋಡುತ್ತೇವೆಂದು ತಿಳಿಯುವುದು. ಬಾಯಿ ತೆರೆದರೆ ಇದ್ದ ಆಸರೆಯೂ ಹೋದೀತೆಂಬ ಹೆದರಿಕೆ ನಮಗೆ. ಬಿಸಿಲಲ್ಲಿ ನಿಂತ ಅಧಿಕಾರಿಯ ಕಿವಿಯ ಬದಿಯಿಂದ ಬೆವರಿಳಿಯುತ್ತಿತ್ತು. ಸೊಂಟದ ಮೇಲಿನ ಕೈ ಬದಲಾಯಿತು. ನಮ್ಮ ಕಡೆ ವೈರಿ ಬಂದರೂ ಕಾಲಿಗೆ ನೀರು ಕೊಡುತ್ತೇವೆ, ಕಾಲು ನೋಯುವ ಹೆಣ್ಣುಮಗಳನ್ನು ಬಾಗಿಲಲ್ಲಿ ನಿಲ್ಲಿಸುವುದೇ? ನನಗೆ ಧೈರ್ಯ ಬಂದದ್ದಲ್ಲ, ನಾಚಿಕೆಯಾಯಿತು. "ಒಳಗ ಬರ್ರಿ ಅಕ್ಕಾರ" ಎಂದು ತಂಬಿಗೆಯಲ್ಲಿ ನೀರು ತಂದಿಟ್ಟೆ.

ಕಾಲು ತೊಳೆದು ನೇರ ಅಡುಗೆಮನೆಗೆ ಬಂದು, ನಮ್ಮ ನಡುವೆಯೇ ಕುಳಿತು ಚಹಾ ಕುಡಿದರು. ಮ್ಯಾನೇಜರನ್ನು ಹೊರಗೇ ಕೂರಿಸಿದ್ದರು. ಕೀಲಿಯ ಮಾತು ಹೇಳಿದೆ, ಮಗ್ಗದ ಮಾತೂ ಹೇಳಿದೆ. ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿದರು. ಆಮೇಲೆ ಮ್ಯಾನೇಜರನ್ನು ಕರೆದು, ಇನ್ನು ಮೇಲೆ ಕೀಲಿ ಒಳಗಿನ ಗೂಟದಲ್ಲಿರಬೇಕು ಎಂದರು.

"ಯಾರರ ಓಡಿ ಹೋದ್ರ ಜವಾಬ್ದಾರಿ ಯಾರದ್ರಿ?"

"ಇವರು ಓಡಿ ಬಂದವರು. ಇಲ್ಲಿಂದಾನೂ ಓಡಿದ್ರ ತಪ್ಪು ಮನಿದು. ಆವಾಗ ನಾ ನಿಮ್ಮನ್ನ ಕೇಳ್ತೇನಿ."

ಸರ್ಕಾರದ ಮಾತು ನೀರ ಮೇಲಿನ ಬರಹ ಎಂದು ಮ್ಯಾನೇಜರ್ ತಿಳಿದಿದ್ದರೇನೋ. ಅಕ್ಕಾರು ಮರುದಿನವೇ ಮತ್ತೆ ಬಂದು ಗೂಟ ನೋಡಿ ಹೋದರು. ಆ ವಾರ ಇನ್ನೊಮ್ಮೆ ಬಂದರು. "ಒಮ್ಮಿ ಬಂದು ಉಂಡು ಹೋದ್ರ ಬೀಗರು. ಮತ್ತ ಮತ್ತ ಬಂದ್ರ ತಪಾಸಣಿ" ಎಂದು ನಗುತ್ತಿದ್ದರು.

ಆ ಸೋಮವಾರ ನಾನು ಮಗ್ಗದ ಮುಂದೆ ಕುಳಿತೆ. ಈಗ ಸ್ವಂತ ಮಗ್ಗವಿದೆ, ಬಾಡಿಗೆಯದಾದರೂ ಗಟ್ಟಿ ಬಾಗಿಲಿನ ಕೋಣೆಯಿದೆ. ನಾನು ಉಣ್ಣುವ ರೊಟ್ಟಿಯಲ್ಲಿ ಅವರ ಋಣವಿದೆ. ಅದನ್ನು ತೀರಿಸುವ ಗೊಡವೆಗೆ ನಾನು ಹೋಗಿಲ್ಲ.

ಹೋದ ವರ್ಷ ಅವರು ಹುನಗುಂದದಲ್ಲಿ ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಮಗ್ಗ ನಿಲ್ಲಿಸಿ ಬಸ್ಸು ಹತ್ತಿದೆ. ದರ್ಗಾದ ಹಿಂದಿನ ಓಣಿಯ ಅವರ ಸಣ್ಣ ಮನೆಯ ತುಂಬ ನೆಂಟರು. ನನ್ನನ್ನು ಗುರುತಿಸುವವರು ಒಬ್ಬರೂ ಇರಲಿಲ್ಲ. ಅವರ ತಂಗಿ ಕಣ್ಣೊರೆಸಿಕೊಂಡು ಕೇಳಿದರು, "ನೀವು ಆಫೀಸಿನವರೇನ್ರಿ?"

"ಅಲ್ರಿ," ಎಂದೆ, "ಅಕ್ಕಾರು ನಮ್ಮ ಮನಿಗೆ ಬರ್ತಿದ್ರು."

ಆಕೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟರು.