ಅಕ್ಕ ಹಚ್ಚಿದ ಮುಲಾಮು

ಎಂಬತ್ತರ ದಶಕದ ಕೊನೆಯಲ್ಲಿ, ಶಾಲೆ ಬಿಟ್ಟ ವರ್ಷವೇ, ನನ್ನ ಅಕ್ಕನ ಕೆನ್ನೆಗಳ ತುಂಬ ಮೊಡವೆ ಎದ್ದವು. ಅಪ್ಪ ಬೈತಖೋಲ ಬಂದರಿನ ಮೀನುಗಾರಿಕೆ ಟ್ರಾಲರಿನಲ್ಲಿ ದುಡಿಯುತ್ತಿದ್ದ. ಆಯಿ ಅಲ್ಲೇ ಹರಾಜಿನಲ್ಲಿ ಮೀನು ಕೊಂಡು ಕಾರವಾರದ ಪೇಟೆಯಲ್ಲಿ ಮಾರುತ್ತಿದ್ದಳು. ಅಕ್ಕನೂ ಅವಳ ಪಕ್ಕ ಕೂರುತ್ತಿದ್ದಳು. ಗಿರಾಕಿಯನ್ನು ನಗಿಸಿಯೇ ಬಂಗಡೆ ಮಾರುವ ಹುಡುಗಿ. ಮೊಡವೆ ಕೀವುಗಟ್ಟಿದ ಮೇಲೆ ಒಬ್ಬಾಕೆ, "ಇವಳ ಕೈಯಿಂದ ಮೀನು ಬೇಡ" ಎಂದು ಎದುರಿಗೇ ಅಂದಳು. ಅಂದಿನಿಂದ ಅಕ್ಕ ನಗುವುದನ್ನು ಬಿಟ್ಟಳು.

ಆಯಿ ಅರಿಶಿನ ಅರೆದು ಹಚ್ಚಿದಳು, ಬೇವು ಹಚ್ಚಿದಳು. ಕೊನೆಗೆ ಯಾರದೋ ಮಾತು ಕೇಳಿ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದಳು. ಕೆಲವೇ ದಿನಗಳಲ್ಲಿ ಮೊಡವೆ ಒಣಗಿ ಮುಖ ಬೆಳ್ಳಗೆ ಹೊಳೆಯಿತು. ಮುಲಾಮು ನಿಲ್ಲಿಸಿದ್ದೇ ಮೊಡವೆ ಇಮ್ಮಡಿಯಾದವು. ಮತ್ತೆ ಟ್ಯೂಬು, ಮತ್ತೆ ಮೊಡವೆ. ಹೀಗೆ ಹಚ್ಚಿ ಹಚ್ಚಿ ಕೆನ್ನೆಯ ಚರ್ಮ ತೆಳುವಾಗಿ ಒಳಗಿನ ಕೆಂಪು ನರಗಳು ಕಾಣತೊಡಗಿದವು.

ಅಂಕೋಲೆಗೆ ಹೊರಗಿನಿಂದ ಬಂದುಹೋಗುತ್ತಿದ್ದ ಚರ್ಮದ ಡಾಕ್ಟರರ ಹತ್ತಿರ ಹೋದಾಗ ಅಕ್ಕನ ಜೊತೆ ನಾನಿದ್ದೆ. ಅವರು ಟ್ಯೂಬನ್ನು ನೋಡಿ ಬದಿಗಿಟ್ಟರು.

"ಇದು ಮೊಡವೆ ಔಷಧವೇ ಅಲ್ಲ ತಂಗಿ, ಸ್ಟೀರಾಯ್ಡು. ಚರ್ಮ ತೆಳು ಮಾಡ್ತದೆ. ಇನ್ನು ಹಚ್ಚೂದು ಬೇಡ. ಬೇರೆ ಬರ್ಕೊಡ್ತೇನೆ, ಆದ್ರೆ ಅದು ಉರೀತದೆ."

"ಎಂತಕ್ಕೆ ಉರೀಬೇಕು?" ಅಕ್ಕ ಕೇಳಿದಳು.

"ಮೊಡವೆ ಬುಡ ಚರ್ಮದ ಒಳಗೆ. ಔಷಧ ಅಲ್ಲಿಗೆ ಮುಟ್ಟೂದು ಸ್ವಲ್ಪೇ. ಉಳಿದದ್ದು ಮೇಲೇ ನಿಂತು ಸುಡ್ತದೆ. ಇದ್ನ ಹಚ್ಕೊಂಡು ಬಿಸಿಲಿಗೆ ಮಾತ್ರ ಹೋಗ್ಬೇಡ."

ಅಕ್ಕ ನನ್ನ ಮುಖ ನೋಡಿದಳು. ಪೇಟೆಯಲ್ಲಿ ನಮ್ಮ ಆಯಿ ಕೂರುವ ಜಾಗಕ್ಕೆ ಸೂರೇ ಇರಲಿಲ್ಲ.

ಮಳೆಗಾಲ ಮುಗಿಯುವವರೆಗೆ ಅವಳು ಮನೆಯೊಳಗೇ ಉಳಿದು ಔಷಧ ಹಚ್ಚಿಕೊಂಡಳು. ಮೊಡವೆ ಇಳಿಯುತ್ತಲೂ ಇದ್ದವು. ಅಷ್ಟರಲ್ಲಿ ಆಯಿ ಸೊಂಟನೋವಿನಿಂದ ಹಾಸಿಗೆ ಹಿಡಿದಳು. ಅಕ್ಕ ಔಷಧ ಬಿಟ್ಟು ಬುಟ್ಟಿ ಹೊತ್ತಳು. ಮೊಡವೆ ಮರಳಿ ಬಂದು, ಮಾಯುವಾಗ ಕೆನ್ನೆಯಲ್ಲಿ ಗುಂಡಿ ಬಿಟ್ಟುಹೋದವು. ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು ಅವಳು ಮೀನು ಮಾರಿದಳು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ಔಷಧ ತುಂಬಿ, ಚರ್ಮದ ರಂಧ್ರದಿಂದ ಮೊಡವೆಯ ಬುಡಕ್ಕೇ ಇಳಿಸಲು ನೋಡುತ್ತಿದ್ದಾರಂತೆ. ಉರಿ ಕಡಿಮೆಯಂತೆ. ಮೀನು ಹೆಚ್ಚುತ್ತಿದ್ದ ಅಕ್ಕನಿಗೆ ಓದಿ ಹೇಳಿದೆ.

"ಚಲೋ ಆತು. ಮುಂದಿನ ಹುಡ್ಗೀರಿಗಾದ್ರೂ ಆಗ್ಲಿ," ಎಂದಳು. ಕೆನ್ನೆ ತೋರಿಸಿ, "ಅದ್ರಿಂದ ಈ ಗುಂಡಿ ತುಂಬ್ತದನೇ?" ಎಂದು ಕೇಳಿದಳು.

ಇಲ್ಲ ಎಂದೆ. ಅವಳು ಮೀನಿನ ಪಾತ್ರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ.